ಹನ್ನೆರಡು ಸೀಸೆ, ಒಂದು ನಲ್ಲಿ

ನಗರದ ನೀರು ಸರಬರಾಜು ಕಚೇರಿಯಲ್ಲಿ ತಲೆಯೊಳಗೆ ಮಿದುಳು ಇರುವ ಪ್ರಾಣಿ ಒಂದೇ ಒಂದು, ಅದು ತಾನು ಎಂದು ಲ್ಯಾಬ್ ಮೇಡಂ ಇಪ್ಪತ್ತಾರು ವರ್ಷದಿಂದ ನಂಬಿದ್ದಳು. ನಂಬಿಕೆಗೆ ಆಧಾರವೇ ಇರಲಿಲ್ಲ ಅನ್ನುವ ಹಾಗಿಲ್ಲ. ಅಲ್ಲಿನ ಇಂಜಿನಿಯರ್ ಸಾಹೇಬರನ್ನೇ ತೆಗೆದುಕೊಳ್ಳಿ. ಅವರ ಮಟ್ಟಿಗೆ ನೀರಿನ ಪರೀಕ್ಷೆ ಎಂದರೆ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು, ಒಂದು ಕಣ್ಣು ಮುಚ್ಚಿ ನೋಡುವುದು, ಒಂದು ಗುಟುಕು ಕುಡಿದು "ಅಮೃತ" ಅನ್ನುವುದು. ಪತ್ರಿಕೆಯವರು ಬಂದ ದಿನ ಇದನ್ನೇ ಎರಡು ಸಲ ಮಾಡುತ್ತಿದ್ದರು, ಫೋಟೋ ಚೆನ್ನಾಗಿ ಬರಲಿ ಎಂದು. ಕ್ಯಾಲ್ಸಿಯಂ ಎಂದರೆ ಮೂಳೆಗೆ ಒಳ್ಳೆಯದು ಎನ್ನುವಲ್ಲಿಗೆ ಅವರ ರಸಾಯನಶಾಸ್ತ್ರ ಮುಗಿಯುತ್ತಿತ್ತು. ಇಂಥವರ ಕೆಳಗೆ ಕೆಲಸ ಮಾಡಬೇಕಾಗಿ ಬಂದದ್ದು ಯಾವ ಜನ್ಮದ ಪಾಪವೋ ಎಂದು ಮೇಡಂ ಊಟದ ಡಬ್ಬಿಯ ಮುಚ್ಚಳ ತೆಗೆಯುವಾಗಲೆಲ್ಲ ಅಂದುಕೊಳ್ಳುತ್ತಿದ್ದಳು. ಸಾಹೇಬರು ಕಳಿಸುವ ಸುತ್ತೋಲೆಗಳನ್ನು ಅವಳು ಓದುತ್ತಿರಲಿಲ್ಲ. ಡಬ್ಬಿಯ ಅಡಿಗೆ ಹಾಸಿಕೊಳ್ಳುತ್ತಿದ್ದಳು.

ದೂರು ಹೊತ್ತು ಬರುವ ಜನರನ್ನಂತೂ ಅವಳು ಮನುಷ್ಯರ ಲೆಕ್ಕಕ್ಕೇ ಸೇರಿಸಿರಲಿಲ್ಲ. ಒಬ್ಬರು ಬಂದು ನೀರು ಒಂಥರಾ ಇದೆ ಅನ್ನುತ್ತಾರೆ. ಒಂಥರಾ ಎಂದರೆ ಯಾವ ಥರ ಎಂದು ಕೇಳಿದರೆ, ಅದೇ ಒಂಥರಾ ಅನ್ನುತ್ತಾರೆ. ಇನ್ನೊಬ್ಬಾಕೆ ತನ್ನ ಕೂದಲು ಉದುರುವುದಕ್ಕೂ ಗಂಡನ ಸಿಟ್ಟಿಗೂ ನಲ್ಲಿಯೇ ಕಾರಣ ಎಂದು ಅರ್ಜಿ ಬರೆದುಕೊಂಡು ಬಂದಿದ್ದಳು. ಒಬ್ಬ ಮಹರಾಯ ಸುಟ್ಟುಹೋದ ಗೀಸರಿನ ಕಾಯಿಲನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ. ಅದರ ಸುತ್ತ ಬಿಳಿ ಸುಣ್ಣ ಬೆರಳು ದಪ್ಪ ಕೂತಿತ್ತು. ನಾವು ನೀರು ಕೊಡುತ್ತೇವೆ, ಗೀಸರ್ ರಿಪೇರಿ ಅಂಗಡಿ ಇಟ್ಟಿಲ್ಲ ಎಂದು ಹೇಳಿ ಮೇಡಂ ಅದನ್ನು ಹಾಗೆಯೇ ವಾಪಸು ಹೊರಿಸಿದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುವ ಮಾತು ಅವಳ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ಕಸ್ತೂರಿ ಎಂದರೆ ಇಲ್ಲಿ ಅವಳ ವಿದ್ಯೆ. ಕಚೇರಿಯ ಹಿಂಭಾಗದಲ್ಲಿ, ಹಳೆ ಪೈಪುಗಳನ್ನು ಪೇರಿಸಿಟ್ಟ ಅಂಗಳಕ್ಕೆ ಮುಖಮಾಡಿದ ಕೋಣೆಯೇ ಲ್ಯಾಬು. ಬಿಳಿ ಹೆಂಚು ಹಾಸಿದ ಕಟ್ಟೆ, ಎರಡು ಸಿಂಕು, ಸ್ಟ್ಯಾಂಡಿಗೆ ಸಿಕ್ಕಿಸಿದ ಉದ್ದನೆಯ ಗಾಜಿನ ಅಳತೆಕೊಳವೆ, ಅದೇ ಬ್ಯುರೆಟ್. ನೀರಿನಲ್ಲಿ ಕರಗಿದ ಸುಣ್ಣದ ಅಂಶ ಎಷ್ಟು ಎಂದು ನೋಡುವುದಕ್ಕೆ, ಎಂದರೆ ಗಡಸುತನ ಅಳೆಯುವುದಕ್ಕೆ, ಐವತ್ತು ಮಿಲಿಲೀಟರ್ ನೀರಿಗೆ ಚಿಟಿಕೆ ಬಣ್ಣ ಹಾಕಬೇಕು. ನೀರು ದ್ರಾಕ್ಷಿರಸದ ಹಾಗೆ ಕೆಂಪಗಾಗುತ್ತದೆ. ಆಮೇಲೆ ಬ್ಯುರೆಟ್ಟಿನಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಯಾವುದೋ ಒಂದು ಹನಿಗೆ ಆ ಕೆಂಪು ತಟ್ಟನೆ ನೀಲಿಯಾಗುತ್ತದೆ. ಎಷ್ಟು ಮಿಲಿಲೀಟರ್ ಇಳಿಯಿತೋ ಅದನ್ನು ಇಪ್ಪತ್ತರಿಂದ ಗುಣಿಸಿದರೆ ಉತ್ತರ. ಐದೂವರೆ ಇಳಿದರೆ ನೂರಹತ್ತು, ಒಳ್ಳೆಯ ಹೊಳೆ ನೀರು. ಆ ಕಡೆಯ ಹನಿಯನ್ನು ಹಿಡಿಯುವುದರಲ್ಲಿ ಮೇಡಂ ಕೈ ಎಂಥದ್ದೆಂದರೆ, ಅರ್ಧ ಹನಿ ಹೆಚ್ಚಾಗಿದೆ ಎಂದು ಅವಳು ಹೇಳಿದರೆ ಹೆಚ್ಚಾಗಿದೆ ಎಂದೇ ಲೆಕ್ಕ.

ಪ್ರತಿ ತಿಂಗಳ ಮೊದಲ ಸೋಮವಾರ ಹನ್ನೆರಡು ವಾರ್ಡುಗಳಿಂದ ಹನ್ನೆರಡು ಸೀಸೆ ನೀರು ಬರುತ್ತಿತ್ತು. ತರುವವನನ್ನು ಇಡೀ ಕಚೇರಿ ಸೀಸೆಯಣ್ಣ ಎಂದೇ ಕರೆಯುತ್ತಿತ್ತು. ನಿವೃತ್ತಿಗೆ ಮೂರು ವರ್ಷ ಉಳಿದಿದ್ದ, ಮಾತು ಕಡಿಮೆಯ, ಸದಾ ಬೆವರುವ ಮನುಷ್ಯ. ಎರಡು ವರ್ಷದ ಹಿಂದೆ ಒಂದು ಸೋಮವಾರ ಮೇಡಂ ಹನ್ನೆರಡೂ ಸೀಸೆಗಳನ್ನು ಸಾಲಾಗಿ ಪರೀಕ್ಷಿಸಿದಾಗ ಹನ್ನೆರಡೂ ಐದೂವರೆಯಲ್ಲೇ ನೀಲಿಯಾದವು. ಒಂದು ಹನಿ ಅತ್ತಿಲ್ಲ, ಒಂದು ಹನಿ ಇತ್ತಿಲ್ಲ. ಹತ್ತು ಮೈಲಿ ಪೈಪಿನಲ್ಲಿ ಹರಿದು ಹನ್ನೆರಡು ಕಡೆ ಬೀಳುವ ನೀರು ಹೀಗೆ ತದ್ರೂಪು ಇರುವುದಿಲ್ಲ. ಅವಳಿಗೆ ಆ ಕ್ಷಣವೇ ತಿಳಿಯಿತು, ಈತ ವಾರ್ಡೂ ಸುತ್ತಿಲ್ಲ, ಗೀರ್ಡೂ ಸುತ್ತಿಲ್ಲ, ಹೊಳೆ ನೀರಿನ ಟ್ಯಾಂಕಿನ ಬುಡದಲ್ಲಿರುವ ಒಂದೇ ನಲ್ಲಿಯಲ್ಲಿ ಹನ್ನೆರಡು ಸೀಸೆ ತುಂಬಿಸಿ ಚೀಟಿ ಅಂಟಿಸಿದ್ದಾನೆ ಎಂದು.

ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಮೇಡಂ ನಕ್ಕಳು. ಈ ಸೀಸೆಯಣ್ಣನಿಗೆ ಬೈದು ತನ್ನ ಬಾಯಿ ಯಾಕೆ ನೋಯಿಸಿಕೊಳ್ಳಬೇಕು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸಾಹೇಬರಿಗೆ ಹೇಳೋಣವೆಂದರೆ ಅವರು ಹನ್ನೆರಡೂ ಒಂದೇ ಇದ್ದರೆ ಒಳ್ಳೆಯದೇ ಅಲ್ಲವೇ ಅನ್ನುತ್ತಾರೆ, ಅದನ್ನು ಕೇಳುವ ಸಹನೆ ಅವಳಿಗಿಲ್ಲ. ಮುಂದಿನ ತಿಂಗಳು ಅವಳು ಒಂದು ಸೀಸೆಯನ್ನು ಪರೀಕ್ಷಿಸಿ ಹನ್ನೊಂದನ್ನು ಸಿಂಕಿಗೆ ಸುರಿದಳು. ಆಮೇಲೆ ಕುರ್ಚಿಯಲ್ಲಿ ಕೂತು ವರದಿ ಬರೆದಳು. ಒಂದನೇ ವಾರ್ಡಿಗೆ ನೂರೆಂಟು, ಎರಡನೆಯದಕ್ಕೆ ನೂರಹತ್ತು, ಪೈಪು ದೂರ ಹೋದಂತೆ ಚೂರು ಹೆಚ್ಚಿದ್ದರೆ ಸಹಜವಾಗಿ ಕಾಣುತ್ತದೆಂದು ಉತ್ತರ ತುದಿಯ ಹನ್ನೊಂದನೆಯದಕ್ಕೆ ನೂರಹದಿನಾಲ್ಕು. ಒಂದು ತಿಂಗಳು ಎರಡು ಅಂಕ ಇಳಿಸುವಳು, ಇನ್ನೊಂದು ತಿಂಗಳು ಏರಿಸುವಳು. ಈ ಸುಳ್ಳಿನಲ್ಲೂ ಅವಳಿಗೆ ಒಂದು ಹೆಮ್ಮೆಯಿತ್ತು, ಯಾಕೆಂದರೆ ಸುಳ್ಳು ಅಚ್ಚುಕಟ್ಟಾಗಿತ್ತು. ಸಾಹೇಬರು ವರದಿ ನೋಡಿ, ಮೇಡಂ ಇದ್ದರೆ ನಮಗೆ ಚಿಂತೆಯೇ ಇಲ್ಲ ಎಂದರು. ಎಂಥ ಮೂರ್ಖ ಎಂದು ಅವಳು ಮನಸ್ಸಿನಲ್ಲೇ ಇನ್ನೊಂದು ಗೆರೆ ಎಳೆದುಕೊಂಡಳು.

ಇಷ್ಟು ತಾತ್ಸಾರದ ನಡುವೆ ಅವಳು ಗೌರವ ಕೊಡುತ್ತಿದ್ದ ಜೀವ ಒಂದಿತ್ತು. ಅದು ಅವಳ ಅಕ್ಕ. ಅಕ್ಕ ನಗರದ ಉತ್ತರ ತುದಿಯಲ್ಲಿ ಲಾಂಡ್ರಿ ಇಟ್ಟಿದ್ದಳು. ಅಮ್ಮ ಹೋದಾಗ ಅಕ್ಕನಿಗೆ ಹದಿನೆಂಟು, ತಂಗಿಗೆ ಹನ್ನೊಂದು. ಲಾಡ್ಜಿನವರ ಹಾಸಿಗೆ ಬಟ್ಟೆ, ನರ್ಸಿಂಗ್ ಹೋಮಿನವರ ಬಿಳಿ ಕೋಟು ಒಗೆದು ಇಸ್ತ್ರಿ ಮಾಡಿ ಅವಳು ತಂಗಿಯನ್ನು ಎಂಎಸ್ಸಿ ಓದಿಸಿದಳು. ತಾನು ಏಳನೇ ಕ್ಲಾಸು ದಾಟಲಿಲ್ಲ. ಅದನ್ನು ಹೇಳಿಕೊಂಡು ಯಾರ ಮೇಲೂ ಹೊರೆ ಹೊರಿಸಲಿಲ್ಲ. ಗಿರಾಕಿಗಳಲ್ಲಿ ಯಾರನ್ನೂ ಏಕವಚನದಲ್ಲಿ ಕರೆದವಳಲ್ಲ. ಈಗ ಐವತ್ತೆಂಟರಲ್ಲಿ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮನೆಯಿಂದ ಮೂರು ಬೀದಿ ಆಚೆಗಿನ ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ಮೈ ಕೊಟ್ಟು ಕೂತರೆ ಬದುಕು, ಇಲ್ಲದಿದ್ದರೆ ಇಲ್ಲ. ಅಕ್ಕ ಇಲ್ಲದ ಲೋಕದಲ್ಲಿ ತನಗೆ ಉಳಿಯುವುದು ಬರೀ ಮೂರ್ಖರು ಎಂದು ಮೇಡಂಗೆ ಭಯವಾಗುತ್ತಿತ್ತು. ಅವಳು ನಿಜವಾಗಿ ಹೆದರುತ್ತಿದ್ದದ್ದು ಅದೊಂದಕ್ಕೇ.

ಚಳಿಗಾಲ ಕಳೆಯುವ ಹೊತ್ತಿಗೆ ಅಕ್ಕ ಒಂದು ಮಾತು ಎತ್ತಿದಳು. ಲಾಂಡ್ರಿಯಲ್ಲಿ ಸೋಪು ನೊರೆ ಬರುತ್ತಿಲ್ಲ, ಮೊದಲಿನ ಎರಡರಷ್ಟು ಪುಡಿ ಸುರಿದರೂ ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತಿದೆ ಎಂದು. ಅದೇ ವಾರ ಒಬ್ಬ ಫಿಲ್ಟರ್ ಮಾರುವವನು ಲಾಂಡ್ರಿಗೆ ಬಂದಿದ್ದ. ಎರಡು ಲೋಟ ಇಟ್ಟು, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ತನ್ನ ಫಿಲ್ಟರಿನ ನೀರು ತುಂಬಿ, ಎರಡಕ್ಕೂ ಕರೆಂಟಿನ ಕಡ್ಡಿ ಅದ್ದಿದ. ನಲ್ಲಿ ನೀರು ಕ್ಷಣದಲ್ಲಿ ಕೊಚ್ಚೆಯಾಯಿತು. ನೋಡಿ ಅಮ್ಮಾ, ನೀವು ಕುಡಿಯೋದು ಇದನ್ನೇ ಎಂದ.

ಅವನ ಗ್ರಹಚಾರ, ಮೇಡಂ ಅಲ್ಲೇ ಇದ್ದಳು. ಅವಳು ಒಳಗಿನಿಂದ ಚಿಟಿಕೆ ಉಪ್ಪು ತಂದು ಅವನ ಶುದ್ಧ ನೀರಿನ ಲೋಟಕ್ಕೆ ಹಾಕಿ, ಈಗ ಅದ್ದು ಎಂದಳು. ಅದೂ ಕೊಚ್ಚೆಯಾಯಿತು. ಕೊಳೆ ಬರುತ್ತಿರುವುದು ನಿನ್ನ ಕಬ್ಬಿಣದ ಕಡ್ಡಿಯಿಂದ, ಉಪ್ಪಿನಂಶ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ, ಅಷ್ಟೇ ಎಂದು ಎಂಟು ಗಿರಾಕಿಗಳ ಎದುರಿಗೆ ಅವನ ನೀರಿಳಿಸಿದಳು. ಅವನು ಲೋಟ, ವೈರು ಎಲ್ಲ ಬಾಚಿಕೊಂಡು ಓಡಿದ. ಅಕ್ಕ ಹೆಮ್ಮೆಯಿಂದ ಎಲ್ಲರ ಮುಖ ನೋಡಿ, ನನ್ನ ತಂಗಿ ಎಂದಳು. ಆ ಖುಷಿಯಲ್ಲಿ ಸೋಪು ಯಾಕೆ ನೊರೆ ಬರುತ್ತಿಲ್ಲ ಎನ್ನುವ ಮೂಲ ಪ್ರಶ್ನೆಯನ್ನು ಇಬ್ಬರೂ ಮರೆತರು. ಅಕ್ಕ ಮಾರನೆಯ ವಾರ ಮತ್ತೆ ಕೇಳಿದಾಗ ಮೇಡಂ, ನಿನ್ನ ಸೋಪಿನ ಕಂಪನಿ ಕಳ್ಳ, ಬೇರೆ ಪುಡಿ ತೆಗೆದುಕೋ ಎಂದಳು. ಲ್ಯಾಬು ಇದ್ದವಳು, ಬ್ಯುರೆಟ್ ಇದ್ದವಳು, ಒಂದು ಲೋಟ ನೀರು ತೆಗೆದುಕೊಂಡು ಹೋಗಬಹುದಿತ್ತು. ಆದರೆ ಸೋಪು, ನೊರೆ ಎಂದು ಜನ ಆಡುವ ಮಾತು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು, ಅಕ್ಕನ ಬಾಯಿಂದ ಬಂದರೂ ಅದು ಒಳಗೆ ಇಳಿಯಲಿಲ್ಲ.

ಡಯಾಲಿಸಿಸ್ ಕೇಂದ್ರಕ್ಕೆ ಅಕ್ಕನನ್ನು ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವಳು ಅವಳೇ. ಅಲ್ಲಿ ಆರು ಕುರ್ಚಿ, ಆರು ಯಂತ್ರ. ಅಕ್ಕನ ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಕಂಡಕ್ಟರ್, ಅವನ ಪಕ್ಕ ಸ್ಟೂಲಿನ ಮೇಲೆ ಅವನ ಹೆಂಡತಿ. ಆ ಹೆಂಡತಿಗೂ ಅಕ್ಕನಿಗೂ ಭಾರಿ ಸ್ನೇಹ. ಮೇಡಂ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದಳು, ಕಂಡಕ್ಟರನ ಹೆಂಡತಿಯ ಧಾರಾವಾಹಿ ಕಥೆ ಅವಳಿಗೆ ಬೇಕಿರಲಿಲ್ಲ. ಮೂಲೆಯಲ್ಲಿ ಟೀ ಕಾಯಿಸುವ ಕೆಟಲು ಒಳಗೆಲ್ಲ ಬಿಳಿ ಪೊರೆ ಕಟ್ಟಿಕೊಂಡು ಕೂತಿತ್ತು. ಅದು ಅವಳ ಕಣ್ಣಿಗೆ ಬಿದ್ದಿತ್ತು ಕೂಡ. ಇವರಿಗೆ ಒಂದು ಕೆಟಲು ತಿಕ್ಕುವಷ್ಟೂ ಮೈ ಬಗ್ಗುವುದಿಲ್ಲ ಎಂದುಕೊಂಡು ಅವಳು ಪುಟ ತಿರುಗಿಸಿದ್ದಳು. ಇತ್ತೀಚೆಗೆ ಯಂತ್ರದಿಂದ ಎದ್ದ ಮೇಲೆ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಕಾಯಿಲೆಯೇ ಹಾಗೆ ಎಂದು ಡಾಕ್ಟರರೂ ಅಂದರು, ಮೇಡಮ್ಮೂ ಅಂದಳು.

ಆ ಬುಧವಾರ ಯಂತ್ರ ಶುರುವಾಗಿ ಒಂದೂವರೆ ಗಂಟೆಯಾಗಿತ್ತು. ಅಕ್ಕ ಮೊದಲು ಚರ್ಮವೆಲ್ಲ ಉರಿಯುತ್ತಿದೆ ಎಂದಳು. ಆಮೇಲೆ ವಾಂತಿ ಶುರುವಾಯಿತು. ಬಿಪಿ ಏರುತ್ತ ಹೋಯಿತು. ಐದನೇ ಕುರ್ಚಿಯಲ್ಲಿದ್ದವರಿಗೂ ಹಾಗೇ ಆಯಿತು. ಕಂಡಕ್ಟರ್ ಮಾತಾಡುತ್ತಿದ್ದವನು ತೊದಲಿದ, ಒಂದು ಕಡೆಗೆ ವಾಲಿದ, ಹೆಂಡತಿ ಹೆಗಲು ಹಿಡಿದು ಅಲ್ಲಾಡಿಸಿದರೂ ಕಣ್ಣು ಬಿಡಲಿಲ್ಲ. ಡಾಕ್ಟರು ಓಡಿಬಂದು ಆರೂ ಯಂತ್ರ ನಿಲ್ಲಿಸಿದರು. ಆಂಬುಲೆನ್ಸ್ ಬಂದು ಕಂಡಕ್ಟರನನ್ನು ದೊಡ್ಡಾಸ್ಪತ್ರೆಗೆ ಒಯ್ದಿತು. ಅಕ್ಕನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ ಮೇಡಂ ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್ನನ ಮೇಲೆ ಹರಿಹಾಯ್ದಳು. ನೀರು ಸರಿಯಾಗಿ ಶುದ್ಧ ಮಾಡದೆ ಯಂತ್ರಕ್ಕೆ ಬಿಟ್ಟಿದ್ದೀಯ, ನಿನಗೆ ಓದು ಬರುತ್ತದೆಯೋ ಇಲ್ಲವೋ ಎಂದು ಕೇಳಿದಳು.

ನಲವತ್ತು ದಾಟಿದ ಆ ಮನುಷ್ಯ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಎದೆಯೆತ್ತರದ ಡ್ರಮ್ಮು ತೋರಿಸಿದ. ಅದು ನೀರಿನ ಗಡಸನ್ನು ಹಿಡಿದಿಟ್ಟುಕೊಳ್ಳುವ ಸಾಫ್ಟ್‌ನರ್. ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೆಯಬೇಕು, ತೊಳೆಯದಿದ್ದರೆ ಗಡಸು ನೀರು ಹಾಗೆಯೇ ಮುಂದಕ್ಕೆ ಹೋಗಿ ಅದರ ಆಚೆಗಿನ ಫಿಲ್ಟರನ್ನೂ ಕೆಡಿಸುತ್ತದೆ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎನ್ನುವುದು ನಲ್ಲಿಯಲ್ಲಿ ಬರುವ ನೀರು ಎಷ್ಟು ಗಡಸು ಎನ್ನುವುದರ ಮೇಲೆ ನಿಂತಿದೆ.

"ಟೆಸ್ಟ್ ಮಾಡೋ ದ್ರಾವಣ ಮುಗಿದು ನಾಲ್ಕು ತಿಂಗಳಾಯ್ತು ಮೇಡಂ," ಎಂದ. "ತರಿಸಿ ಅಂದ್ರೆ ಓನರ್, ನೀರಿನ ಆಫೀಸಿಂದ ತಿಂಗಳು ತಿಂಗಳು ರಿಪೋರ್ಟ್ ಬರುತ್ತಲ್ಲ, ಅದನ್ನ ನೋಡ್ಕೊಂಡು ತೊಳಿ ಅಂದ್ರು. ನಾಲ್ಕು ದಿನಕ್ಕೊಂದು ಸಲ ತೊಳೀತಿದ್ದೀನಿ. ನೂರಹದಿನಾಲ್ಕಕ್ಕೆ ಅದು ಸರಿಯಾದ ಲೆಕ್ಕ."

ಗೋಡೆಯ ಮೇಲೆ ವರದಿಯನ್ನು ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದರು. ಹನ್ನೊಂದನೇ ವಾರ್ಡಿನ ಮುಂದೆ ಪೆನ್ಸಿಲಿನ ಗುರುತು, ನೂರಹದಿನಾಲ್ಕು. ಕೆಳಗೆ ಅವಳ ಸಹಿ. ಮೇಡಂ ಆ ಅಂಕಿಯನ್ನು ನೋಡಿದಳು. ಯಾವ ನೀರಿನಿಂದಲೂ ಬಾರದ, ತಾನು ಕುರ್ಚಿಯಲ್ಲಿ ಕೂತು ಹುಟ್ಟಿಸಿದ ಅಂಕಿ. ನಲ್ಲಿ ತಿರುಗಿಸಿ ಎರಡು ಸೀಸೆ ನೀರು ಹಿಡಿದುಕೊಂಡಳು.

ಅಕ್ಕನನ್ನು ಮನೆಗೆ ಬಿಟ್ಟು, ಕೆಲಸದಾಕೆಯನ್ನು ಜೊತೆಗೆ ಕೂರಿಸಿ, ಅವಳು ಲ್ಯಾಬಿಗೆ ಬಂದಳು. ನೀರು ಕೆಂಪಾಯಿತು. ಐದೂವರೆ ಇಳಿಯಿತು, ಕೆಂಪು. ಹತ್ತು ಇಳಿಯಿತು, ಕೆಂಪು. ಇಪ್ಪತ್ತಕ್ಕೂ ಅದೇ ಕೆಂಪು. ಇಪ್ಪತ್ತನಾಲ್ಕೂವರೆಗೆ ನೀಲಿಯಾಯಿತು. ಇಪ್ಪತ್ತರಿಂದ ಗುಣಿಸುವುದಕ್ಕೆ ಅವಳಿಗೆ ಕಾಗದ ಬೇಕಿರಲಿಲ್ಲ. ನಾನೂರ ತೊಂಬತ್ತು. ಎರಡನೇ ಸೀಸೆಯೂ ಅದನ್ನೇ ಹೇಳಿತು. ನಾಲ್ಕು ದಿನಕ್ಕೆ ತುಂಬಬೇಕಾದ ಡ್ರಮ್ಮು ಒಂದೇ ದಿನಕ್ಕೆ ತುಂಬುತ್ತಿತ್ತು, ಉಳಿದ ಮೂರು ದಿನ ಗಡಸು ನೀರು ಯಂತ್ರದೊಳಗೆ ಅಕ್ಕನ ರಕ್ತದ ಪಕ್ಕದಲ್ಲಿ ಹರಿಯುತ್ತಿತ್ತು. ಮೇಡಂ ನೇರ ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ತಬ್ಬಿಬ್ಬಾಗಲಿಲ್ಲ. ಹೊಳೆಯಲ್ಲಿ ನೀರು ಕಡಿಮೆಯಾದದ್ದರಿಂದ ಉತ್ತರದ ನಾಲ್ಕು ವಾರ್ಡುಗಳಿಗೆ ಏಳು ಕೊಳವೆ ಬಾವಿ ಜೋಡಿಸಿ ನಾಲ್ಕು ತಿಂಗಳಾಯಿತಲ್ಲ, ಸುತ್ತೋಲೆ ಕಳಿಸಿದ್ದೆನಲ್ಲ, ಆ ಭಾಗದ ನೀರನ್ನು ವಾರಕ್ಕೊಮ್ಮೆ ಪರೀಕ್ಷಿಸಿ ಎಂದು ಅದರಲ್ಲೇ ಬರೆದಿದ್ದೆನಲ್ಲ ಎಂದರು. ಮೇಡಂ ವಾಪಸು ಬಂದು ಊಟದ ಡಬ್ಬಿ ಎತ್ತಿದಳು. ಅಡಿಯಲ್ಲಿದ್ದ ಕಾಗದಗಳಲ್ಲಿ ಮೂರನೆಯದೇ ಅದು. ಮಧ್ಯದಲ್ಲಿ ಎಣ್ಣೆಯ ದುಂಡು ಕಲೆ. ಸಾಹೇಬರು ಬರೆದದ್ದು ಸರಿಯಾಗಿಯೇ ಇತ್ತು. ಆ ಮೂರ್ಖ ಜೀವಮಾನದಲ್ಲಿ ಒಂದು ಸಲ ಬುದ್ಧಿವಂತಿಕೆ ಮಾಡಿದ್ದ, ಅದರ ಮೇಲೆ ಅವಳು ಉಪ್ಪಿನಕಾಯಿ ಎಣ್ಣೆ ಸುರಿಸಿದ್ದಳು.

ಆದರೆ ಬುದ್ಧಿವಂತಿಕೆ ಅಲ್ಲಿಗೇ ಖಾಲಿಯಾಯಿತು. ಶುಕ್ರವಾರ ಸಾಹೇಬರು ಅವಳನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಟೈಪು ಮಾಡಿಸಿದ ಒಂದು ಹಾಳೆ ಮುಂದಿಟ್ಟರು. ಮಾದರಿ ತರುವ ನೌಕರನು ನಿಗದಿತ ಸ್ಥಳಗಳಿಂದ ನೀರು ತಾರದೆ ಇಲಾಖೆಯ ಕಣ್ಣಿಗೆ ಮಣ್ಣೆರಚಿದ್ದಾನೆ, ಅವನನ್ನು ಅಮಾನತಿನಲ್ಲಿಡಲಾಗಿದೆ. ಲ್ಯಾಬಿನವರು ತಮಗೆ ಬಂದ ಹನ್ನೆರಡೂ ಮಾದರಿಗಳನ್ನು ನಿಷ್ಠೆಯಿಂದ ಪರೀಕ್ಷಿಸಿದ್ದಾರೆ. ಕೆಳಗೆ ಅವಳ ಸಹಿಗೆ ಜಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಈ ಕಚೇರಿಯ ಹಳೆ ಪದ್ಧತಿ, ಅವಳಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ತನ್ನ ಬಗ್ಗೆ. ಹಾಳೆ ನೋಡಿದ ತಕ್ಷಣ ಅವಳಿಗೆ ಸದ್ಯ ಬಚಾವಾದೆ ಅನ್ನಿಸಿತು. ಯೋಚಿಸಿ ಹೇಳುತ್ತೇನೆ ಎಂದು ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡೇ ಲ್ಯಾಬಿಗೆ ಬಂದಳು. ಸಹಿ ಹಾಕುವ ಮನಸ್ಸು ಅವಳಿಗೆ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದಳು.

ಅಷ್ಟರಲ್ಲಿ ಸೀಸೆಯಣ್ಣ ಬಂದ. ಅಮಾನತಿನ ಕಾಗದ ಅವನ ಕೈ ಸೇರಿತ್ತು. ಲ್ಯಾಬಿನ ಬೀಗದ ಕೈ ಒಪ್ಪಿಸಿ ಹೋಗುವುದಕ್ಕೆ ಬಂದಿದ್ದ. ಎರಡು ವರ್ಷದಲ್ಲಿ ಮೇಡಂ ಅವನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಅವನು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಒಂದು ಮಾತು ಕೇಳಬಹುದೇ ಎಂದ.

"ಎಲ್ಲಾ ಒಂದೇ ನಲ್ಲಿ ನೀರು ಅಂತ ನಿಮಗೆ ಗೊತ್ತಿತ್ತಲ್ವಾ ಮೇಡಂ?"

ಅವಳು ಪೆನ್ನು ಕೆಳಗಿಟ್ಟಳು. ಗೊತ್ತಿತ್ತು ಎಂದಳು.

"ಇಲಾಖೆ ಗಾಡಿ ಕಿತ್ಕೊಂಡ್ರು, ನನಗೆ ಸೈಕಲ್ ಕೊಟ್ರು. ಹನ್ನೆರಡು ವಾರ್ಡು ಒಂದೇ ದಿನಕ್ಕೆ ಸೈಕಲ್‌ನಲ್ಲಿ ಆಗಲ್ಲ ಅಂತ ಎರಡು ಅರ್ಜಿ ಹಾಕ್ದೆ, ಯಾರೂ ಕೇಳ್ಲಿಲ್ಲ. ಆಮೇಲೆ ಬೇಕಂತಲೇ ಒಂದೇ ನಲ್ಲೀಲಿ ಹಿಡ್ಕೊಂಡು ಬಂದೆ. ಮೇಡಂ ಒಂದೇ ಏಟಿಗೆ ಕಂಡುಹಿಡೀತಾರೆ, ಬೈತಾರೆ, ಸಾಹೇಬರ ಹತ್ರ ಎಳ್ಕೊಂಡು ಹೋಗ್ತಾರೆ, ಆಗ ಗಾಡಿ ಕೇಳೋಣ ಅಂತ. ನೀವು ಏನೂ ಅನ್ನಲಿಲ್ಲ. ಮುಂದಿನ ತಿಂಗಳೂ ಅನ್ನಲಿಲ್ಲ. ರಿಪೋರ್ಟ್ ನೋಡಿದ್ರೆ ಹನ್ನೆರಡು ಥರ ನಂಬರ್ ಇತ್ತು. ಓದಿದವರು, ಅವರಿಗೆ ಏನೋ ಗೊತ್ತಿರುತ್ತೆ, ನೀರೆಲ್ಲ ಒಂದೇ ಇರಬೇಕು ಅಂತ ನಾನೂ ಬಿಟ್ಟೆ. ಒಂದು ಸಲ ಬೈದಿದ್ರೆ ಸಾಕಿತ್ತು ಮೇಡಂ. ಯಾಕೆ ಬೈಲಿಲ್ಲ?"

ಬೈಯುವುದಕ್ಕೂ ನೀನು ಯೋಗ್ಯನಲ್ಲ ಅನ್ನಿಸಿತ್ತು ಎನ್ನುವುದೇ ನಿಜವಾದ ಉತ್ತರ. ಅದನ್ನು ಅವನ ಮುಖಕ್ಕೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಸೀಸೆಯಣ್ಣ ಕಟ್ಟೆಯ ಮೇಲೆ ಅಡ್ಡ ಬಿದ್ದಿದ್ದ ಒಂದು ಖಾಲಿ ಸೀಸೆಯನ್ನು ಅಭ್ಯಾಸಬಲದಿಂದ ನೆಟ್ಟಗೆ ನಿಲ್ಲಿಸಿ ಹೊರಟುಹೋದ.

ಮೇಡಂ ಟೈಪು ಮಾಡಿದ ಹಾಳೆಯನ್ನು ತಿರುವಿ ಹಾಕಿ, ಬೆನ್ನಿಗೆ ತನ್ನ ಕೈಬರಹದಲ್ಲಿ ಬರೆದಳು. ಮಾದರಿಗಳು ಒಂದೇ ನಲ್ಲಿಯವು ಎಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಆಮೇಲೆ ಪ್ರತಿ ತಿಂಗಳು ಒಂದನ್ನು ಮಾತ್ರ ಪರೀಕ್ಷಿಸಿದ್ದೇನೆ. ಉಳಿದ ಹನ್ನೊಂದು ಅಂಕಿ ನಾನು ಕಲ್ಪಿಸಿ ಬರೆದವು. ಕೊಳವೆ ಬಾವಿಯ ಸುತ್ತೋಲೆ ನನಗೆ ತಲುಪಿತ್ತು, ನಾನು ಓದಲಿಲ್ಲ. ಸಾಹೇಬರು ಅದನ್ನು ಓದಿ ಬಿಳಿಚಿಕೊಂಡರು. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುವ ವಿಷಯಕ್ಕೆ ನೀವೇ ಯಾಕೆ ಕೊರಳು ಕೊಡುತ್ತೀರಿ, ಇದನ್ನು ಮೇಲಕ್ಕೆ ಕಳಿಸಿದರೆ ನನ್ನ ತಲೆಗೂ ಬರುತ್ತದೆ, ಹರಿದುಹಾಕಿ ಎಂದು ಬೇಡಿಕೊಂಡರು. ಅವಳು ಅದರ ಎರಡು ಪ್ರತಿ ಮಾಡಿಸಿ ಒಂದನ್ನು ತಾನೇ ಮೇಲಧಿಕಾರಿಗಳಿಗೂ ಇನ್ನೊಂದನ್ನು ಡಯಾಲಿಸಿಸ್ ಕೇಂದ್ರದ ಡಾಕ್ಟರಿಗೂ ಕಳಿಸಿದಳು. ಇಷ್ಟಾದರೂ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಈ ಕಾಗದ ಮೊನ್ನೆಯೇ ಬರೆಯಬೇಕಿತ್ತು, ಎರಡು ವರ್ಷದ ಹಿಂದೆಯೇ ಬರೆಯಬೇಕಿತ್ತು.

ಅಕ್ಕನಿಗೆ ಇನ್ನೂ ಹೇಳಿರಲಿಲ್ಲ. ಸಣ್ಣ ಕೇಂದ್ರ ಮುಚ್ಚಿದ್ದರಿಂದ ಅಕ್ಕನಿಗೆ ದೊಡ್ಡಾಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಅವಳು ಚೇತರಿಸಿಕೊಂಡಿದ್ದಳು, ಹಸಿವೂ ಬಂದಿತ್ತು. ಕಂಡಕ್ಟರ್ ಮಾತ್ರ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಆರು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಮಂಗಳವಾರ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋಗಲು ಬಂದ ಮೇಡಂ, ಅಕ್ಕ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದಕ್ಕೆ ಹುಡುಕುತ್ತಿದ್ದಾಗ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಏನನ್ನೂ ಬಿಡಲಿಲ್ಲ. ಅಕ್ಕ ಗೋಡೆಗೆ ಕೈಕೊಟ್ಟು ಕೇಳಿಸಿಕೊಂಡಳು.

ಗೊತ್ತಿದ್ದೂ ಹಾಗೆ ಬರೆದೆಯಾ ಎಂದು ಕೇಳಿದಳು. ಅಲ್ಲಿ ನೀರು ಬದಲಾಗಿದೆ ಎಂದು ಗೊತ್ತಿರಲಿಲ್ಲ, ನಿನ್ನ ಜೀವಕ್ಕೆ ಬರುತ್ತದೆ ಎಂದು ಗೊತ್ತಿದ್ದಿದ್ದರೆ ದಿನಾ ಬಂದು ಪರೀಕ್ಷೆ ಮಾಡುತ್ತಿದ್ದೆ ಎಂದಳು ಮೇಡಂ. ಹೇಳಿದ ಮೇಲೆ ಆ ಮಾತು ಎಷ್ಟು ಹೊಲಸು ಎಂದು ಅವಳ ಕಿವಿಗೇ ಕೇಳಿಸಿತು.

"ನನಗಾದ್ರೆ ಮಾಡ್ತಿದ್ದೆ," ಎಂದಳು ಅಕ್ಕ. "ಪಕ್ಕದ ಕುರ್ಚಿಯವರಿಗೆ?"

ಅಕ್ಕ ಇನ್ನೊಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಬೀದಿಯಲ್ಲಿ ಹೋಗುತ್ತಿದ್ದ ಆಟೋವನ್ನು ಕೈ ಬೀಸಿ ನಿಲ್ಲಿಸಿದಳು. ಸ್ಕೂಟರ್ ಇದೆಯಲ್ಲ ಅಕ್ಕ ಎಂದು ಮೇಡಂ ಹಿಂದೆಯೇ ಮೆಟ್ಟಿಲು ಇಳಿದು ಬಂದಳು.

"ನೀನು ಬರಬೇಡ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಕಂಡಕ್ಟರ್ ಹೆಂಡತಿ ಅಲ್ಲಿ ಬೆಂಚಿನ ಮೇಲೆ ಕೂತಿರ್ತಾಳೆ. ನನ್ನ ತಂಗಿ ನೀರಿನ ಆಫೀಸಲ್ಲಿದ್ದಾಳೆ, ದೊಡ್ಡ ಓದು ಓದಿದ್ದಾಳೆ ಅಂತ ಆಕೆ ಹತ್ರ ಎಷ್ಟು ಸಲ ಹೇಳ್ಕೊಂಡಿದ್ದೀನೋ. ಇದನ್ನೂ ನಾನೇ ಹೇಳ್ಬೇಕು."

"ನಾನೇ ಹೇಳ್ತೀನಿ ಅಕ್ಕ."

"ಹೇಳೋಳಾಗಿದ್ರೆ ಬುಧವಾರವೇ ಹೇಳ್ತಿದ್ದೆ. ಬೇಡ. ನೀನು ಪಕ್ಕದಲ್ಲಿದ್ರೆ ನನಗೆ ನಾಚಿಕೆ ಆಗುತ್ತೆ."

ಬಟ್ಟೆ, ಹೊದಿಕೆ, ನೀರಿನ ಬಾಟಲಿ ತುಂಬಿದ ಚೀಲ ಅಕ್ಕನ ಬಲಗೈಯಲ್ಲಿತ್ತು. ಮೇಡಂ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಸೂಜಿ ಚುಚ್ಚಿಸಿಕೊಳ್ಳುವ ಎಡಗೈಯಲ್ಲಿ ಒಂದು ತಂಬಿಗೆಯ ಭಾರವನ್ನೂ ಹೊರಬಾರದು, ಆ ರಕ್ತನಾಳ ಕೆಟ್ಟರೆ ಸೂಜಿ ಚುಚ್ಚುವುದಕ್ಕೆ ಬೇರೆ ಜಾಗವಿಲ್ಲ ಎಂದು ಡಾಕ್ಟರು ಇಬ್ಬರಿಗೂ ನೂರು ಸಲ ಹೇಳಿದ್ದರು. ಅಕ್ಕ ತಂಗಿಯ ಕೈ ನೋಡಿದಳು. ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು ಆಟೋ ಹತ್ತಿದಳು.